ಟೈಲರ್ ಅಳತೆಯ ಜಲ್ಲಿ

ಮೂವತ್ತು ವರ್ಷದ ಹೊಲಿಗೆಯ ಬದುಕಿನಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಜಲ್ಲಿ ಡಿಪೋದ ಯಜಮಾನಿ ಬೆಳಿಗ್ಗೆ ಒಂಬತ್ತು ಗಂಟೆಗೇ ಟೈಲರ್‌ಗೆ ಕೇಳಿಬಿಟ್ಟಳು.

"ಉದ್ದ ಹೇಳಿದ್ರಿ, ಅಗಲ ಹೇಳಿದ್ರಿ. ದಪ್ಪ ಎಷ್ಟು?"

ಟೈಲರ್ ಕೊರಳಲ್ಲಿ ನೇತಾಡುತ್ತಿದ್ದ ಐದಡಿ ಟೇಪನ್ನು ಮುಟ್ಟಿ ನೋಡಿಕೊಂಡ. ತನ್ನ ಮನೆಯ ಗೇಟಿನಿಂದ ಬಾಗಿಲಿಗೆ ಎಂಟು ಟೇಪು ಉದ್ದ, ಎರಡು ಟೇಪು ಅಗಲ ಎಂದು ಬೆಳಗಾಗುತ್ತಲೇ ಕೆಸರಲ್ಲಿ ಮಂಡಿಯೂರಿ ಅಳೆದು, ಚೀಟಿಯಲ್ಲಿ ಬರೆದು ತಂದಿದ್ದ. ಬಟ್ಟೆಗೆ ಇರುವುದು ಎರಡೇ ಅಳತೆ. ದಪ್ಪ ಎನ್ನುವುದು ಬಟ್ಟೆಯೊಳಗೆ ಸೇರುವವರಿಗೆ ಸಂಬಂಧಪಟ್ಟಿದ್ದು; ಅದನ್ನು ಅವರೆದುರು ಬಾಯಿಬಿಟ್ಟು ಹೇಳುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ.

"ದಪ್ಪ ಅಂದ್ರೆ... ಸಾಧಾರಣ ಮೈಕಟ್ಟು," ಎಂದ.

ಯಜಮಾನಿ ಅವನನ್ನೇ ನೋಡಿದಳು. ಅಪ್ಪನ ಕಾಲದಿಂದ ಬಂದ ಡಿಪೋ ಅವಳದು. ತರಾವರಿ ಗಿರಾಕಿಗಳನ್ನು ಕಂಡವಳು. "ನಾಲ್ಕು ಇಂಚು ಅಂತ ಇಟ್ಕೊಳ್ಳೋಣ. ಮೇಲೆ ಓಡಾಡೋದು ಏನು? ಕಾರಾ, ಸ್ಕೂಟರಾ?"

"ನನ್ನ ಹೆಂಡ್ತಿ," ಎಂದ ಟೈಲರ್.

ವಿಷಯ ಇಷ್ಟೇ. ಹತ್ತು ದಿನದ ಹಿಂದೆ ಟೈಲರ್‌ನ ಹೆಂಡತಿ ಗೇಟು ತೆಗೆದು ಒಳಗೆ ಬರುವಾಗ ಅಂಗಳದ ಕೆಸರಲ್ಲಿ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡಿದ್ದಳು. ಇವತ್ತು ಸಾಯಂಕಾಲ ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಬಿಡುತ್ತಿದ್ದರು. ಕಾಲಿಗೆ ಪ್ಲಾಸ್ಟರ್, ಕಂಕುಳಿಗೆ ಊರುಗೋಲು, ಆರು ವಾರ. "ಇನ್ನೊಂದು ಸಲ ಬಿದ್ರೆ ರಾಡು ಹಾಕಬೇಕಾಗುತ್ತೆ, ನೋಡ್ಕೊಳ್ಳಿ," ಎಂದು ಮೂಳೆ ಡಾಕ್ಟರು ಟೈಲರ್‌ನ ಮುಖಕ್ಕೇ ಹೇಳಿದ್ದರು, ಕೆಸರು ಅವನೇ ಮಾಡಿಸಿದ್ದೇನೋ ಎನ್ನುವ ಹಾಗೆ.

"ನೀನು ಮನೆಗೆ ಬರೋ ಹೊತ್ತಿಗೆ ಗೇಟಿಂದ ಬಾಗಿಲವರೆಗೂ ಜಲ್ಲಿ ಹಾಕಿಸಿರ್ತೀನಿ. ಒಂದು ಚಿಟಿಕೆ ಕೆಸರು ಕಂಡ್ರೆ ಕೇಳು," ಎಂದು ಅವನು ಹಾಸಿಗೆ ಪಕ್ಕ ಕೂತು ಮಾತು ಕೊಟ್ಟಿದ್ದ.

ಅವಳು ಗೋಡೆ ಕಡೆ ತಿರುಗಿಕೊಂಡಿದ್ದಳು. "ಹನ್ನೊಂದು ವರ್ಷದಿಂದ ಬಾಯಿ ನೋಯೋ ಹಂಗೆ ಹೇಳಿದೀನಿ. ಕಾಲು ಮುರಿದ ಮೇಲೆ ಹಾಕಿಸ್ತಾರಂತೆ, ಹಾಕಿಸಲಿ."

ಹತ್ತು ದಿನ ಇತ್ತಲ್ಲ, ಕೊನೆಯ ದಿನದವರೆಗೂ ಏನು ಮಾಡುತ್ತಿದ್ದ ಎಂದು ಕೇಳಬೇಡಿ. ಗಿರಾಕಿ ಬಂದು ಬಾಗಿಲಲ್ಲಿ ನಿಲ್ಲುವ ಹಿಂದಿನ ಗಂಟೆಯಲ್ಲಿ ಕತ್ತರಿ ಹಿಡಿಯುವುದು ಆ ಕಸುಬಿನ ರೂಢಿ. ಆದರೆ ಅವಳು ಬಿದ್ದಾಗ ಕೂಗಿದ ಕೂಗು ಅವನಿಗೆ ಮಿಷನ್ ತುಳಿಯುವಾಗಲೂ ಕೇಳುತ್ತಿತ್ತು.

ಯಜಮಾನಿ ಅವನನ್ನು ರಾಶಿಗಳ ನಡುವೆ ಕರೆದುಕೊಂಡು ಹೋದಳು. ಮೊದಲ ರಾಶಿ ಬೆಳ್ಳಗಿನ ಹೊಳೆಗಲ್ಲು, ನುಣ್ಣಗೆ, ಗುಂಡಗೆ. "ನೋಡೋಕೆ ಇದು ಚೆಂದ. ತೋಟಕ್ಕೆ, ಗಿಡದ ಬುಡಕ್ಕೆ ತೊಗೊಂಡು ಹೋಗ್ತಾರೆ."

ನೋಡೋಕೆ ಚೆಂದ ಇದ್ದದ್ದನ್ನೆಲ್ಲ ತೊಟ್ಟು ನೋಡದೆ ಟೈಲರ್ ಒಪ್ಪುವವನಲ್ಲ. ಕೈಲಿದ್ದ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎಡಗಾಲನ್ನು ಹಿಂದಕ್ಕೆ ಮಡಚಿ, ಕುಂಟುತ್ತ ರಾಶಿಯ ಮೇಲೆ ಹತ್ತಿದ. ಗುಂಡುಕಲ್ಲುಗಳು ಉರುಳಿದವು, ಕೊಡೆ ಅರ್ಧಕ್ಕೆ ಹೂತುಕೊಂಡಿತು, ಟೈಲರ್ ಕೂತ ಭಂಗಿಯಲ್ಲೇ ಕೆಳಗೆ ಬಂದ.

"ಇದು ಬೇಡ," ಎಂದ ಎದ್ದು.

ಎರಡನೆಯದು ದಪ್ಪ ಜಲ್ಲಿ, ಮುಷ್ಟಿ ಗಾತ್ರದ್ದು. ಕುಂಟಿದ. ಕೊಡೆಯ ತುದಿ ಸಂದಿಗೆ ಸಿಕ್ಕಿಕೊಂಡು ಕಡ್ಡಿಯೊಂದು ಬಾಗಿತು. ಮೂರನೆಯದು ಅದರ ಅರ್ಧದ್ದು. ಪರವಾಗಿಲ್ಲ, ಆದರೆ ಕಾಲಡಿ ಅಲ್ಲಾಡಿತು. ಅಷ್ಟು ಹೊತ್ತಿಗೆ ಡಿಪೋದ ಲೋಡಿಂಗ್ ಆಳುಗಳು ಕೆಲಸ ನಿಲ್ಲಿಸಿ ಸಾಲಾಗಿ ನಿಂತಿದ್ದರು. ನಾಲ್ಕನೆಯದು ಚಿಕ್ಕ ಜಲ್ಲಿ, ಬಟಾಣಿಗಿಂತ ತುಸು ದೊಡ್ಡದು, ಮೂಲೆ ಮೂಲೆ ಚೂಪಾಗಿದ್ದು, ಕಲ್ಲುಪುಡಿ ಬೆರೆಸಿದ್ದು. ಟೈಲರ್ ಅದರ ಮೇಲೆ ಒಂದು ಸುತ್ತು ಕುಂಟಿದ, ಇನ್ನೊಂದು ಸುತ್ತು ಕುಂಟಿದ. ಕೊಡೆ ಗಟ್ಟಿಯಾಗಿ ನಿಂತಿತು.

"ಚೂಪು ಮೂಲೆ ಇರೋದು ಒಂದಕ್ಕೊಂದು ಕಚ್ಕೊಳ್ಳುತ್ತೆ," ಎಂದಳು ಯಜಮಾನಿ. "ನೀರು ಹಾಕಿ ದಮ್ಮಸ್ಸು ಹೊಡೆದು ಕೂರಿಸಿದ್ರೆ ಗಟ್ಟಿ ನೆಲಾನೇ."

"ಇದೇ ಕೊಡಿ," ಎಂದ ಟೈಲರ್. ಹೆಂಡತಿಗೆ ಸೀರೆ ಆರಿಸುವಾಗಲೂ ಅವನು ಇಷ್ಟು ಮನಸ್ಸಿಟ್ಟು ಆರಿಸಿದವನಲ್ಲ.

ಯಜಮಾನಿ ಲೆಕ್ಕ ಹಾಕಿದಳು. ನಾನೂರು ಚದರ ಅಡಿ, ನಾಲ್ಕು ಇಂಚು ದಪ್ಪ, ನೂರ ಮೂವತ್ತಮೂರು ಘನ ಅಡಿ.

"ಒಳಗೆ ಸ್ವಲ್ಪ ಬಿಡ್ಬೇಕಲ್ಲ," ಎಂದ ಟೈಲರ್. "ನೀರು ಬಿದ್ದ ಮೇಲೆ ಎಳ್ಕೊಳ್ಳುತ್ತೆ."

"ಅದೂ ಸರೀನೇ. ನೂರೈವತ್ತು ಬರ್ಕೊಳ್ತೀನಿ."

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೂ ನಿಲ್ಲುತ್ತಿತ್ತು. ಟೈಲರ್ ಪಕ್ಕದ ಮನೆಯ ಅಂದಾಜು ಸಾಹೇಬರಿಗೆ ಫೋನು ಮಾಡಿದ. ನೀರಿನ ಇಲಾಖೆಯಲ್ಲಿ ಅಂದಾಜುಪಟ್ಟಿ ಬರೆದು ಬರೆದು ನಿವೃತ್ತರಾದವರು ಅವರು. ಬೀದಿಯಲ್ಲಿ ಮೊಳೆ ಹೊಡೆಯುವವರೂ ಅವರನ್ನು ಕೇಳದೆ ಹೊಡೆಯುತ್ತಿರಲಿಲ್ಲ, ಕೇಳಿದ ಮೇಲಂತೂ ಹೊಡೆಯಲಾಗುತ್ತಿರಲಿಲ್ಲ.

"ನೂರೈವತ್ತಾ?" ಎಂದರು ಸಾಹೇಬರು. "ಟೈಲರೇ, ಬಂದ ಅಂದಾಜಿಗೆ ಅರ್ಧ ಸೇರಿಸಿ. ಸರ್ವೀಸಲ್ಲಿ ನಾನು ಸೇರಿಸದೇ ಇದ್ದ ದಿನಾನೇ ಇಲ್ಲ. ನಡುವೆ ಸಾಲದೆ ಬಂದ್ರೆ ಏನ್ ಮಾಡ್ತೀರಿ? ಬಾಗಿಲ ಹತ್ರ ಅಮ್ಮನ್ನ ಎತ್ತಿ ಹಾರಿಸ್ತೀರಾ?"

ಟೈಲರ್ ಕಣ್ಣ ಮುಂದೆ ಹೆಂಡತಿ ಹಾರಿದಳು. ಇನ್ನೂರ ಇಪ್ಪತ್ತೈದು ಎಂದು ಚೀಟಿ ತಿದ್ದಿಸಿ ಮನೆಗೆ ಹೊರಟ.

ಅವನು ಹೋದ ಮೇಲೆ ಡಿಪೋಗೆ ಇನ್ನೊಂದು ಫೋನು ಬಂತು. ಅದು ಟೈಲರ್‌ನ ಅತ್ತೆಯದು. ಮಗಳ ಕಾಲು ಮುರಿದ ದಿನದಿಂದ ಮನೆಯಲ್ಲೇ ಇದ್ದ ಆಕೆಗೆ ಅಳಿಯನ ಮೇಲೆ ದ್ವೇಷವೇನೂ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. "ನೋಡಮ್ಮಾ, ನಮ್ಮ ಅಳಿಯಂದಿರು ಎಲ್ಲಾನೂ ಮೈಗೆ ಹತ್ತಿಸಿ ಹೊಲೀತಾರೆ. ನನ್ನ ರವಿಕೇಲಿ ನಾನು ಉಸಿರಾಡಿ ಆರು ವರ್ಷ ಆಯ್ತು. ಅವರು ಹೇಳಿದ್ದಕ್ಕಿಂತ ಸ್ವಲ್ಪ ಸಡಿಲ ಬಿಟ್ಟು ಕಳ್ಸು." ಯಜಮಾನಿ ಮುನ್ನೂರು ಎಂದು ಬರೆದಳು. ಮುನ್ನೂರಕ್ಕೆ ದೊಡ್ಡ ಟಿಪ್ಪರೇ ಬೇಕು. ದೊಡ್ಡ ಟಿಪ್ಪರ್ ಅರ್ಧಂಬರ್ಧ ತುಂಬಿದರೆ ಹಳ್ಳದಲ್ಲಿ ಕುಣಿಯುತ್ತದೆ ಎಂದು ಅದರ ಡ್ರೈವರು ಅಂಚಿನವರೆಗೂ ತುಂಬಿಸಿಕೊಂಡ. ಹೀಗೆ ಯಾರೂ ಯಾರಿಗೂ ಕೆಟ್ಟದ್ದು ಬಯಸದೆ ನೂರೈವತ್ತು ನಾನೂರೈವತ್ತಾಯಿತು.

ಎರಡು ಗಂಟೆಗೆ ಟಿಪ್ಪರ್ ಬಂತು. ಬೀದಿಯಲ್ಲಿ ಏಳು ಮನೆ, ಆಚೆ ದಾರಿಯಿಲ್ಲ, ಟೈಲರ್‌ನದು ಆರನೆಯದು. ಗಾಡಿಯ ಗಾತ್ರ ನೋಡಿ, ಇದು ಬೇರೆ ಯಾರದೋ ಇರಬೇಕು ಎಂದುಕೊಂಡು ಅವನು ದಾರಿ ಬಿಟ್ಟು ನಿಂತ. ಗಾಡಿ ಅವನ ಗೇಟಿಗೇ ಹಿಂಬದಿ ಮಾಡಿ ನಿಂತಿತು.

"ಒಳಗೆ ಹೋಗಿ ಸುರೀರಿ," ಎಂದ ಟೈಲರ್ ಗಾಬರಿಯಿಂದ.

"ಕೆಸರು ಸಾರ್. ಗಾಡಿ ಹೂತ್ಹೋಗುತ್ತೆ. ಜಲ್ಲಿ ಹಾಕಿಸಿದ್ರೆ ಒಳಗೆ ತರ್ತಿದ್ದೆ," ಎಂದು ಡ್ರೈವರು ಲಿವರ್ ಎಳೆದ.

ಧೂಳು ಇಳಿದಾಗ ಗೇಟಿದ್ದ ಕಡೆ ಆಳೆತ್ತರದ ರಾಶಿಯಿತ್ತು. ಗೇಟು ಬೀದಿ ಕಡೆಗೆ ತೆರೆಯುವಂಥದ್ದು. ಇನ್ನು ಅದು ತೆರೆಯುವ ಮಾತಿರಲಿಲ್ಲ. ರಾಶಿಯ ಆಚೆಯಿಂದ ಅತ್ತೆಯ ದನಿ ಕೇಳಿತು.

"ಅಳಿಯಂದಿರೇ, ಬೀದಿ ಎಲ್ಲಿ ಹೋಯ್ತು?"

ಇವನು ಉತ್ತರ ಹುಡುಕುತ್ತಿರುವಾಗಲೇ ಏಳನೇ ಮನೆಯ ಕಡೆಯಿಂದ ಹಾರನ್ನು ಮೊಳಗಿತು. ಆ ಮನೆ ಡ್ರೈವಿಂಗ್ ಸ್ಕೂಲ್ ಮೇಡಂ ಅವರದು. ಕಾರಿನೊಳಗೆ ಸ್ಟೀರಿಂಗ್ ತಬ್ಬಿಕೊಂಡು ಅವರ ಶಿಷ್ಯೆ, ಪಕ್ಕದಲ್ಲಿ ಮೇಡಂ.

"ಏನ್ರೀ ಟೈಲರೇ, ಬೆಟ್ಟ ತಂದು ಇಟ್ಟಿದೀರಲ್ಲ! ಇವಳಿಗೆ ಮೂರು ಗಂಟೆಗೆ ಲೈಸೆನ್ಸ್ ಟೆಸ್ಟು. ನಾಲ್ಕು ಸಲ ಫೇಲಾಗಿದಾಳೆ ಪಾಪ. ಈಗಲೇ ದಾರಿ ಬಿಡಿಸಿ!"

"ನಿಧಾನಕ್ಕೆ ಬಿಡಿಸಲಿ ಮೇಡಂ, ಅವಸರ ಏನಿಲ್ಲ," ಎಂದಳು ಶಿಷ್ಯೆ, ಆ ದಿನ ಮೊದಲ ಸಲ ನಗುತ್ತ.

ಬೀದಿಯವರೆಲ್ಲ ಸೇರಿದರು. ಮೊದಲನೆ ಮನೆಯ ಹಲ್ಲಿನ ಡಾಕ್ಟರು ಕ್ಲಿನಿಕ್ ಬಿಟ್ಟು ಬಂದರು. ಬಾಯಿ ತೆರೆದುಕೊಂಡು ಕೂತಿದ್ದ ರೋಗಿಯೂ ಕುತ್ತಿಗೆಯಲ್ಲಿ ಬಟ್ಟೆ ಸಮೇತ ಹಿಂದೆಯೇ ಬಂದ. ಬೇಕರಿಯವರು ಬಂದರು. ಅಂದಾಜು ಸಾಹೇಬರು ರಾಶಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕನ್ನಡಕ ಒರೆಸಿಕೊಂಡು ತೀರ್ಪು ಕೊಟ್ಟರು.

"ಅಂದಾಜು ಸ್ವಲ್ಪ ಜಾಸ್ತಿ ಆಗಿದೆ. ಯಾರ್ರೀ ಹೇಳಿದ್ದು ನಿಮಗೆ ಇಷ್ಟು?"

ಟೈಲರ್ ಗಡಿಯಾರ ನೋಡಿಕೊಂಡ. ಎರಡೂವರೆ ಆಗಿತ್ತು. ನಾಲ್ಕಕ್ಕೆ ಆಸ್ಪತ್ರೆ. ಅವನಿಗೆ ನಿಜಕ್ಕೂ ಅಳು ಬಂತು. "ಹೆಂಗಾದ್ರೂ ಮಾಡಿ ಸಾರ್. ಅವಳು ಬರೋ ಹೊತ್ತಿಗೆ ನನ್ನ ದಾರಿ ಒಂದು ಆಗ್ಬೇಕು. ಮಿಕ್ಕಿದ್ದು ಯಾರು ಬೇಕಾದ್ರೂ ತೊಗೊಂಡು ಹೋಗಿ, ಪುಣ್ಯ ಬರುತ್ತೆ."

ಪುಣ್ಯ ಬರುತ್ತೆ ಎಂದರೆ ಹಿಂದೆಗೆಯುವ ಜನ ಆ ಬೀದಿಯಲ್ಲಿ ಇರಲಿಲ್ಲ. ಹಲ್ಲಿನ ಡಾಕ್ಟರಿಗೆ ಮರದ ಕೆಳಗೆ ಕುರ್ಚಿ ಹಾಕಿಕೊಳ್ಳುವ ಜಾಗಕ್ಕೆ ಜಲ್ಲಿ ಬೇಕಾಗಿತ್ತಂತೆ, ಬೇಕರಿಯವರಿಗೆ ಹೂವಿನ ಪಾತಿಗಳ ನಡುವೆ, ಮೇಡಂಗೆ ಕಾರು ನಿಲ್ಲಿಸುವಲ್ಲಿ. ಅಂದಾಜು ಸಾಹೇಬರಿಗೆ ಏನೂ ಬೇಕಿರಲಿಲ್ಲ. ಆದರೆ ಎಲ್ಲರೂ ಒಯ್ಯುವಾಗ ತಾವೊಬ್ಬರು ಒಯ್ಯದಿದ್ದರೆ ಟೈಲರ್ ಬೇಜಾರು ಮಾಡಿಕೊಳ್ಳುತ್ತಾನೆ ಎಂದು ಅವರೂ ಒಪ್ಪಿದರು.

ಮೊದಲು ಮೇಲಿನದ್ದು ಇಳಿಯಲಿ, ಗೇಟು ತೆರೆಯುತ್ತದೆ. ಆಮೇಲೆ ಉಳಿದದ್ದನ್ನು ಟೈಲರ್ ದಾರಿಗೆ ಎಲ್ಲರೂ ಸೇರಿ ಹರಡುವುದು, ನೀರು ಹಾಕಿ ದಮ್ಮಸ್ಸು ಮಾಡುವುದು ಎಂದು ತೀರ್ಮಾನವಾಯಿತು. "ನೀವು ನಿಶ್ಚಿಂತೆಯಿಂದ ಹೋಗಿ ಅಮ್ಮನ್ನ ಕರ್ಕೊಂಡು ಬನ್ನಿ," ಎಂದರು ಸಾಹೇಬರು.

ಟೈಲರ್ ಪೂರ್ತಿ ದಡ್ಡನೇನಲ್ಲ. ತನಗೆ ಬೇಕಾದದ್ದು ನೂರೈವತ್ತು, ಬಂದದ್ದು ನಾನೂರೈವತ್ತು ಎಂದು ಡ್ರೈವರ ಬಾಯಿಂದ ಕೇಳಿ ತಿಳಿದುಕೊಂಡಿದ್ದ. ಜೇಬಿನಿಂದ ಸೀಮೆಸುಣ್ಣ ತೆಗೆದ. ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಸೀಮೆಸುಣ್ಣ. ರಾಶಿಯ ಸುತ್ತ ಬಗ್ಗಿಕೊಂಡು ಹೋಗಿ, ಕೆಳಗಿನಿಂದ ಮೂರರಲ್ಲಿ ಒಂದು ಪಾಲಿನ ಎತ್ತರಕ್ಕೆ ಕಲ್ಲಿಂದ ಕಲ್ಲಿಗೆ ಗೆರೆ ಎಳೆದ. ಗೆರೆ ಹಾಕಿದ ಮೇಲೆ ಕತ್ತರಿ ಆಚೀಚೆ ಹೋದದ್ದು ಅವನ ಅಂಗಡಿಯಲ್ಲಿ ಇಲ್ಲ.

ಅತ್ತೆಯನ್ನು ಸಾಹೇಬರ ಮನೆಯ ಮೋಟು ಗೋಡೆ ದಾಟಿಸಿ ತಂದು, ರಾಶಿಯ ಮುಂದೆ ಕುರ್ಚಿ ಹಾಕಿ ಕೂರಿಸಿದ. ಸೀಮೆಸುಣ್ಣವನ್ನು ಅವರ ಕೈಗೇ ಕೊಟ್ಟ.

"ಅತ್ತೆ, ಗೆರೆಯಿಂದ ಮೇಲಿರೋದು ಅವರದು, ಕೆಳಗಿರೋದು ನಮ್ಮದು. ಮೂರರಲ್ಲಿ ಒಂದು ಪಾಲು ನಮ್ಮದು, ಮರೀಬೇಡಿ. ಗೆರೆ ಅಳಿಸಿಹೋದ್ರೆ ಮತ್ತೆ ಎಳೀರಿ."

"ನನಗೇನು ಹೇಳ್ಕೊಡ್ತೀರಿ. ನೀವು ಹೋಗಿ," ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡರು. ಮಗಳಿಗಾಗಿ ಸಿಂಹದ ಬಾಯಿಗೂ ಕೈ ಹಾಕುವ ಹೆಂಗಸು. ಟೈಲರ್ ಧೈರ್ಯವಾಗಿ ಆಟೋ ಹತ್ತಿದ.

ಆಸ್ಪತ್ರೆಯಲ್ಲಿ ಹೆಂಡತಿ ಊರುಗೋಲು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ಅವನ ಪ್ಯಾಂಟಿನ ಮಂಡಿಯ ಮೇಲಿನ ಕೆಸರು, ತಲೆಯ ಮೇಲಿನ ಕಲ್ಲುಪುಡಿ, ಬಾಗಿದ ಕೊಡೆ, ಎಲ್ಲವನ್ನೂ ನೋಡಿದಳು. ಆಟೋದಲ್ಲಿ ಅರ್ಧ ದಾರಿ ಆದ ಮೇಲೆ ಮೆಲ್ಲಗೆ ಕೇಳಿದಳು.

"ಏನ್ರೀ, ನಿಜವಾಗ್ಲೂ ಹಾಕಿಸಿದ್ರಾ?"

"ನೋಡ್ತೀಯಲ್ಲ," ಎಂದ ಟೈಲರ್.

"ಜಾರಲ್ಲ ತಾನೆ? ನಂಗೆ ಭಯ ಆಗುತ್ತೆ ಕಣ್ರೀ. ಕಣ್ಣು ಮುಚ್ಚಿದ್ರೆ ಬಿದ್ದ ಹಾಗೇ ಆಗುತ್ತೆ."

"ನಿನ್ನ ಥರಾನೇ ಕುಂಟಿಕೊಂಡು ನಾಲ್ಕು ರಾಶಿ ಹತ್ತಿ ನೋಡಿ ಆರಿಸಿದೀನಿ. ನೀನು ಕುಣಿದ್ರೂ ಜಾರಲ್ಲ."

ಆಟೋ ಬೀದಿಗೆ ತಿರುಗಿತು. ಹಲ್ಲಿನ ಡಾಕ್ಟರ ಮನೆಯ ಮರದ ಕೆಳಗೆ ಬೂದುನೀಲಿ ಜಲ್ಲಿಯ ಹಾಸು, ನಾಲ್ಕು ಮೂಲೆಯೂ ನೇರ, ನಡುವೆ ಎರಡು ಕುರ್ಚಿ; ಹಲ್ಲುನೋವಿನವನು ಒಂದರಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಎರಡನೆಯ ಮನೆಯ ಅಂಗಳಕ್ಕೆ ಜಲ್ಲಿ. ಮೂರನೆಯದಕ್ಕೂ ಜಲ್ಲಿ. ಬೇಕರಿಯವರ ಪಾತಿಗಳ ನಡುವೆ ಕೇಕಿನ ಮೇಲೆ ಕ್ರೀಮು ಎಳೆದ ಹಾಗೆ ಸಣ್ಣ ಸಣ್ಣ ದಾರಿಗಳು.

"ಅಯ್ಯೋ, ಇದು ನಮ್ಮ ಬೀದೀನಾ!" ಹೆಂಡತಿ ಆಟೋದಿಂದ ತಲೆ ಹೊರಗೆ ಹಾಕಿದಳು. "ಎಷ್ಟು ಚೆಂದ ಆಗಿದೆ!"

"ಎಲ್ಲಾ ನಿನಗೋಸ್ಕರಾನೇ," ಎಂದ ಟೈಲರ್. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಇಷ್ಟು ದೊಡ್ಡ ಮಾತು ಆಡಿರಲಿಲ್ಲ.

ಅವಳು ಅವನ ಕೈ ಹಿಡಿದುಕೊಂಡಳು. "ಆವತ್ತು ಗೋಡೆ ಕಡೆ ತಿರುಕ್ಕೊಂಡು ಏನೇನೋ ಅಂದೆ. ಮನಸ್ಸಿಗೆ ಹಚ್ಕೋಬೇಡಿ."

ಅಂದಾಜು ಸಾಹೇಬರ ಮನೆಯದ್ದು ಎಲ್ಲಕ್ಕಿಂತ ಮೇಲಿತ್ತು. ಗೇಟಿನಿಂದ ಮೆಟ್ಟಿಲವರೆಗೆ ನಾಲ್ಕು ಇಂಚಿನ ಗಟ್ಟಿ ದಾರಿ, ನೀರು ಹಾಕಿ ದಮ್ಮಸ್ಸು ಮಾಡಿ ಚಪ್ಪಟೆಯಾಗಿ ಕೂತಿತ್ತು. ಸಾಹೇಬರು ಅದರ ಮೇಲೆ ನಿಂತು ಕೈ ಬೀಸಿದರು. ಆಟೋ ಇನ್ನೊಂದು ಮನೆ ಮುಂದಕ್ಕೆ ಹೋಗಿ ನಿಂತಿತು.

ಟೈಲರ್‌ನ ಗೇಟು ಹಾರುಹೊಡೆದಿತ್ತು. ಒಳಗೆ ಎಂಟು ಟೇಪು ಉದ್ದ, ಎರಡು ಟೇಪು ಅಗಲ, ಬರೀ ಕೆಸರು. ಬೀದಿಯವರೆಲ್ಲ ಕೈಕಾಲು ತೊಳೆಯಲು ಅವನ ಅಂಗಳದ ನಲ್ಲಿಗೇ ಬಂದಿದ್ದರಿಂದ ಅದು ಬೆಳಿಗ್ಗೆಗಿಂತ ಒಂದು ಗೇಣು ಹೆಚ್ಚು ಆಳವಾಗಿತ್ತು. ಗೇಟಿನ ಪಕ್ಕ ಕುರ್ಚಿಯಲ್ಲಿ ಅತ್ತೆ, ಅತ್ತೆಯ ಕಾಲ ಬಳಿ ಒಂದು ಬುಟ್ಟಿ ಜಲ್ಲಿ.

"ಅತ್ತೆ! ನಮ್ಮ ಜಲ್ಲಿ?"

"ಇಲ್ಲೇ ಇದೆಯಲ್ಲ," ಎಂದು ಅತ್ತೆ ಬುಟ್ಟಿ ತೋರಿಸಿದರು. "ಗೆರೆಯಿಂದ ಕೆಳಗೆ ಒಂದು ಕಲ್ಲು ಮುಟ್ಟೋಕೆ ಬಿಡ್ಲಿಲ್ಲ ನಾನು. ಅದೇನು ಕಲ್ಲೋ, ಮೇಲಿಂದ ತೆಗೆದ ಹಾಗೆಲ್ಲ ಜಾರಿ ಗೆರೆ ಮುಚ್ಚಿಹೋಗೋದು. ಮುಚ್ಚಿದಾಗಲೆಲ್ಲ ಉಳಿದಿದ್ದಕ್ಕೆ ಹೊಸದಾಗಿ ಗೆರೆ ಎಳೆದೆ, ನೀವು ಹೇಳಿದ ಹಾಗೇ, ಮೂರರಲ್ಲಿ ಒಂದು ಪಾಲು ನಮ್ಮದು ಅಂತ. ಐದು ಸಲ ಎಳೆದೆ ಅಳಿಯಂದಿರೇ, ಸೊಂಟ ಬಿದ್ದುಹೋಯ್ತು. ಕೊನೆಗೆ ಮೂರು ಬುಟ್ಟಿ ಉಳೀತು. ಎರಡು ಅವರಿಗೆ, ಒಂದು ನಮಗೆ. ಕೇಳಿ ನೋಡಿ ಬೇಕಾದ್ರೆ."

ಕೇಳಬೇಕಾಗಿರಲಿಲ್ಲ. ಬೀದಿಯವರೆಲ್ಲ ತಲೆಯಾಡಿಸುತ್ತಿದ್ದರು. ಅವರಲ್ಲಿ ಒಬ್ಬರೂ ಗೆರೆ ದಾಟಿರಲಿಲ್ಲ.

"ಹರಡೋಣ ಅಂತ ಗುದ್ದಲಿ ಹಿಡ್ಕೊಂಡು ಬಂದ್ವಿ ಟೈಲರೇ," ಎಂದರು ಬೇಕರಿಯವರು ಬೇಸರದಿಂದ. "ಬಂದು ನೋಡಿದ್ರೆ ಇಷ್ಟೇ. ನೀವು ಇನ್ನೊಂದು ಸ್ವಲ್ಪ ಜಾಸ್ತಿ ತರಿಸಬೇಕಾಗಿತ್ತು."

ಹೆಂಡತಿ ಆಟೋದಿಂದ ಇಳಿದು ಎರಡೂ ಊರುಗೋಲಿನ ಮೇಲೆ ನಿಂತಿದ್ದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ತನ್ನ ಮನೆಯ ಅಂಗಳ ನೋಡಿದಳು.

"ಕೇಳಿಲ್ಲಿ, ಇದೆಲ್ಲ ನಾನೇ ತರಿಸಿದ್ದು," ಎಂದ ಟೈಲರ್. "ಬೀದೀಲಿ ಇರೋದೆಲ್ಲ ನಿನ್ನದೇ ಜಲ್ಲಿ ಕಣೇ."

"ಹೌದು ಅಂತಿಟ್ಕೊಳ್ಳೋಣ," ಎಂದಳು ಅವಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಏಳು ಮನೆ ಬೀದಿ. ಆರು ಮನೆಗೆ ಜಲ್ಲಿ ಬಿದ್ದಿದೆ. ಕಾಲು ಮುರಿದಿದ್ದು ಮಾತ್ರ ನಂದು."

ಅಂದಾಜು ಸಾಹೇಬರೇ ಮುಂದೆ ಬಂದರು. "ಅಮ್ಮಾ, ಇವತ್ತು ನಮ್ಮನೇಲಿ ಇರಿ. ಮುಂದಿನ ರೂಮು ಖಾಲಿ ಇದೆ. ಇಲ್ಲಿ ಕಾಲಿಡೋ ಹಾಗಿಲ್ಲ, ನೋಡ್ತಿದೀರಲ್ಲ." ಬೇರೆ ದಾರಿಯೇ ಇರಲಿಲ್ಲ. ಅವಳು ಊರುಗೋಲು ಊರುತ್ತ ಅವರ ಗೇಟು ಹೊಕ್ಕಳು. ಮೊದಲ ಹೆಜ್ಜೆ ಅಂಜುತ್ತ ಇಟ್ಟಳು, ಎರಡನೆಯದು ಅಷ್ಟು ಅಂಜಲಿಲ್ಲ, ಆಮೇಲೆ ಟಕಟಕ ನಡೆದು ಮೆಟ್ಟಿಲು ಮುಟ್ಟಿದಳು.

"ಎಷ್ಟು ಗಟ್ಟಿಯಾಗಿ ನಿಲ್ಲುತ್ತೆ ಸಾರ್! ಆರಿಸಿದವರು ಯಾರೋ, ನನ್ನಂಥೋರ ಕಷ್ಟ ಗೊತ್ತಿದ್ದೋರೇ ಆರಿಸಿದಾರೆ."

"ಒಂದು ಅಂದಾಜಿನ ಮೇಲೆ ಮಾಡಿಸಿದ್ದು," ಎಂದರು ಸಾಹೇಬರು ವಿನಯದಿಂದ.

ಟೈಲರ್ ತನ್ನ ಗೇಟಿನೊಳಗೆ ನಿಂತು ಮೋಟು ಗೋಡೆಯ ಮೇಲಿಂದ ನೋಡುತ್ತಿದ್ದ. ಅವಳಿಗೆ ದಿಂಬು ಬೇಕು, ಮಾತ್ರೆಯ ಡಬ್ಬಿ ಬೇಕು, ಬಿಸಿನೀರಿನ ಫ್ಲಾಸ್ಕು ಬೇಕು ಎಂದು ಅತ್ತೆ ಪಟ್ಟಿ ಹೇಳುತ್ತಿದ್ದರು. ತರಲು ಅವನು ಮನೆಯ ಕಡೆ ತಿರುಗಿದ. ಹೆಂಡತಿ ಸಾಹೇಬರ ವರಾಂಡದಿಂದ ಅದನ್ನು ಕಂಡು ಕೂಗಿ ಹೇಳಿದಳು.

"ರೀ, ನಿಧಾನ ಹೋಗಿ. ಅಲ್ಲಿ ಜಾರುತ್ತೆ."